ಸೈಕಲ್ ತುಳಿದು ಕಟ್ಟಿದ ನಿಧಿ

ನಮ್ಮ ಸಂಘದ ರಸೀತಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವ ಕೆಲಸ ಒಂಬತ್ತು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಗಣೇಶೋತ್ಸವವಿರಲಿ, ರಾಜ್ಯೋತ್ಸವವಿರಲಿ, ಬಾಗಿಲು ತೆರೆದವರ ಮುಖದಲ್ಲಿ ಮೊದಲು ನಗು ಕಾಣುತ್ತದೆ. ಕಂಕುಳಲ್ಲಿರುವ ಪುಸ್ತಕ ಕಣ್ಣಿಗೆ ಬಿದ್ದೊಡನೆ ಆ ನಗು ಸ್ವಲ್ಪ ಒಣಗುತ್ತದೆ. ಅವರದು ತಪ್ಪೆಂದು ಹೇಳುತ್ತಿಲ್ಲ. ಬೇರೆಯವರು ಪುಸ್ತಕ ಹಿಡಿದು ನಮ್ಮ ಮನೆಗೆ ಬಂದಾಗ ನನ್ನ ಮುಖವೂ ಹಾಗೆಯೇ ಆಗುತ್ತದೆಂದು ನನ್ನ ಹೆಂಡತಿ ಹೇಳುತ್ತಾಳೆ. ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ನನಗೆ ಮತ್ತೊಬ್ಬರ ಮುಂದೆ ಕೈಯೊಡ್ಡುವುದು ಎಂದೂ ಸಲೀಸಾಗಿಲ್ಲ. ಆ ಕಾರಣದಿಂದಲೇ ಇರಬೇಕು, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವುದಕ್ಕಾಗಿ ಮುನ್ನೂರು ಕಿಲೋಮೀಟರ್ ಸೈಕಲ್ ತುಳಿಯುವ ಜನರ ಚರಿತ್ರೆ ನನ್ನನ್ನು ಬಹಳವಾಗಿ ಸೆಳೆಯಿತು. ಅದನ್ನು ವಾಚಕರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಆದರೆ ಈ ಚರಿತ್ರೆಯನ್ನು ಸೈಕಲ್ಲಿನಿಂದ ಆರಂಭಿಸದೆ ಒಂದು ಗುಳಿಗೆಯಿಂದ ಆರಂಭಿಸಬೇಕಾಗಿದೆ.

ಮೂರು ವರ್ಷದ ಹಿಂದೆ ನನ್ನ ತಂಗಿ ಧಾರವಾಡದಿಂದ ತನ್ನ ಎಂಟು ವರ್ಷದ ಮಗನನ್ನು ಕರೆದುಕೊಂಡು ನಮ್ಮ ಡೊಂಬಿವಲಿಯ ಮನೆಗೆ ಬಂದಳು. ಹುಡುಗನಿಗೆ ರಕ್ತದ ಕ್ಯಾನ್ಸರು. ಅಲ್ಲಿಂದ ಮುಂದಿನ ದಿನಗಳ ವರ್ಣನೆ ಇಲ್ಲಿ ಬೇಡ. ಮುಂಬಯಿಯಲ್ಲಿರುವ ಕನ್ನಡದ ಮನೆಗಳಲ್ಲಿ ಪರೇಲದ ಆಸ್ಪತ್ರೆಗೆ ಊರಿನಿಂದ ಬಂದವರನ್ನು ಇಟ್ಟುಕೊಳ್ಳದ ಮನೆ ಅಪರೂಪ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ರಿಪೋರ್ಟಿನ ಚೀಲವನ್ನು ಎದೆಗವಚಿಕೊಂಡು ನಿಲ್ಲುವುದೆಂದರೇನೆಂದು ಬಹಳ ಮಂದಿಗೆ ಗೊತ್ತು. ಮೊದಲ ಕೆಲವು ತಿಂಗಳ ಕಠಿಣ ಚಿಕಿತ್ಸೆ ಮುಗಿದ ಮೇಲೆ ವೈದ್ಯರು ಮನೆಯಲ್ಲಿಯೇ ಕೊಡಬೇಕಾದ ಔಷಧಿಗಳನ್ನು ಬರೆದುಕೊಟ್ಟರು. ಅವುಗಳಲ್ಲಿ ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಒಂದು ಸಣ್ಣ ಹಳದಿ ಗುಳಿಗೆಯಿತ್ತು. ಹೆಸರು ಮೆಥೊಟ್ರೆಕ್ಸೇಟ್. ಒಂದು ರವಿವಾರ ಹುಡುಗ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಮಾಮಾ, ಇಷ್ಟ್ ಸಣ್ಣ ಗುಳಿಗಿ ಅದ, ಇದನ್ನ ಯಾರು ಕಂಡುಹಿಡದ್ರು?" ಎಂದು ಕೇಳಿದ. ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ ಮಾಮನಿಗೆ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತ ಹೋದಾಗ ನನಗೆ ಮೊದಲು ಸಿಕ್ಕಿದ ಊರು ಅಮೆರಿಕದ್ದಲ್ಲ, ನಮ್ಮ ಮುಂಬಯಿಯೇ.

ಗಿರಣಿಯ ಹೆಂಗಸರು, ಎಲೆಯ ಸತ್ವ

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಇಲ್ಲಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹೆಂಗಸರಲ್ಲಿ ಗರ್ಭಿಣಿಯರಾದಾಗ ಭೀಕರವಾದ ರಕ್ತಹೀನತೆ ಕಾಣಿಸುತ್ತಿತ್ತು. ಅದರ ಕಾರಣವನ್ನು ಪರೇಲದ ಹಾಫ್‌ಕಿನ್ ಸಂಸ್ಥೆಯಲ್ಲಿ ಕುಳಿತು ಪರಿಶೀಲಿಸಿದ ಆಕೆ, ಯೀಸ್ಟಿನಿಂದ ತಯಾರಿಸಿದ ಮಾರ್ಮೈಟ್ ಎಂಬ ಅಗ್ಗದ ಪದಾರ್ಥವನ್ನು ತಿನ್ನಿಸಿದರೆ ಈ ಹೆಂಗಸರು ಚೇತರಿಸಿಕೊಳ್ಳುತ್ತಾರೆಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಗುಣಕಾರಿ ಅಂಶ ಯಾವುದೆಂದು ಆಗ ಯಾರಿಗೂ ತಿಳಿಯದು; "ವಿಲ್ಸ್ ಅಂಶ" ಎಂದೇ ಕರೆದರು. ಹತ್ತು ವರ್ಷಗಳ ನಂತರ, 1941ರಲ್ಲಿ, ಅಮೆರಿಕದ ಟೆಕ್ಸಾಸಿನಲ್ಲಿ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಅರೆದು ಸೋಸಿ ಅಂಥದೇ ಒಂದು ವಸ್ತುವನ್ನು ಬೇರ್ಪಡಿಸಿದರು. ಎಲೆಗೆ ಲ್ಯಾಟಿನ್ ಭಾಷೆಯಲ್ಲಿ ಫೋಲಿಯಂ ಎನ್ನುತ್ತಾರಾದ್ದರಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಇಂದು ನಮ್ಮ ಗರ್ಭಿಣಿಯರಿಗೆಲ್ಲ ಕೊಡುವ ಗುಳಿಗೆ ಇದೇ.

ಈ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವ ದಾರಿ ತೋರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಖಾದಿಯ ಮೇಲಂಗಿ ತೊಟ್ಟು ಬಂದುದಕ್ಕೆ ಇಂಗ್ಲಿಷ್ ಪ್ರಾಧ್ಯಾಪಕರ ಅವಕೃಪೆಗೆ ಪಾತ್ರರಾಗಿ, ಪೂರ್ಣ ಪದವಿಯ ಬದಲು ಎಲ್.ಎಂ.ಎಸ್. ಪತ್ರವನ್ನಷ್ಟೇ ಪಡೆದವರು. ಅವರ ಸೋದರರಿಬ್ಬರು ಸ್ಪ್ರೂ ಎಂಬ ಕರುಳಿನ ರೋಗದಿಂದ ತೀರಿಕೊಂಡಿದ್ದರು. ಮುಂದೆ ಆ ರೋಗಕ್ಕೂ ಫೋಲಿಕ್ ಆಮ್ಲವೇ ಮದ್ದಾಯಿತು. 1920ರ ದಶಕದಲ್ಲಿ ಬಾಸ್ಟನ್ ನಗರಕ್ಕೆ ಹೋದ ಸುಬ್ಬರಾವ್, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೂಲಿ ಕೆಲಸ ಮಾಡಿಕೊಂಡು ಹಾರ್ವರ್ಡಿನಲ್ಲಿ ಓದಿದರು; 1940ರಲ್ಲಿ ಲೆಡರ್ಲೆ ಪ್ರಯೋಗಶಾಲೆ ಸೇರಿದರು.

ಅದೇ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ರಕ್ತದ ಕ್ಯಾನ್ಸರ್ ತಗುಲಿದ ಮಕ್ಕಳು ಆಗ ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ತೀರಿಹೋಗುತ್ತಿದ್ದರು. ಫೋಲಿಕ್ ಆಮ್ಲದ ಬಗೆಯ ಔಷಧಿ ಕೊಟ್ಟರೆ ಈ ಮಕ್ಕಳಲ್ಲಿ ರೋಗ ಇನ್ನಷ್ಟು ವೇಗವಾಗಿ ಬೆಳೆಯುವಂತೆ ಫಾರ್ಬರ್ ಅವರಿಗೆ ಕಂಡಿತು. ಹಾಗಾದರೆ ಆ ಆಮ್ಲವನ್ನು ತಡೆದರೆ? ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಅದರ ಕೆಲಸ ಮಾಡದ ವಸ್ತುಗಳನ್ನು ತಯಾರಿಸಿ ಕೊಟ್ಟಿತು. ಬೀಗದೊಳಗೆ ಹೋಗಿ ಸಿಕ್ಕಿಕೊಳ್ಳುವ, ಆದರೆ ತಿರುಗದ ಕೀಲಿಕೈ ಇದ್ದಂತೆ. ಅದು ಅಲ್ಲಿದ್ದಷ್ಟು ಹೊತ್ತು ನಿಜವಾದ ಕೀಲಿಕೈಗೆ ಪ್ರವೇಶವಿಲ್ಲ, ರೋಗದ ಕಣ ದ್ವಿಗುಣವಾಗಲಾರದು. ಅಮಿನೊಪ್ಟೆರಿನ್ ಎಂಬ ಅಂಥ ಒಂದು ವಸ್ತುವನ್ನು ಕೊಟ್ಟಾಗ 16 ಮಕ್ಕಳಲ್ಲಿ 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡರೆಂದು ಫಾರ್ಬರ್ 1948ರ ಜೂನಿನಲ್ಲಿ ಪ್ರಕಟಿಸಿದರು. ಅದರ ದಾಯಾದಿಯೇ ನಮ್ಮ ಹುಡುಗನ ಹಳದಿ ಗುಳಿಗೆ. ಸುಬ್ಬರಾವ್ ಅದೇ ವರ್ಷದ ಆಗಸ್ಟಿನಲ್ಲಿ ತೀರಿಕೊಂಡರು.

ತಾತ್ಕಾಲಿಕವೆಂಬ ಮಾತನ್ನು ಗಮನಿಸಬೇಕು. ಆ ಮಕ್ಕಳಲ್ಲಿ ರೋಗ ಮತ್ತೆ ಮರುಕಳಿಸಿತು. ಇಂದು ಮುಂದುವರಿದ ದೇಶಗಳಲ್ಲಿ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರಿನಿಂದ ನೂರಕ್ಕೆ ಸುಮಾರು ತೊಂಬತ್ತು ಮಕ್ಕಳು ಬದುಕುತ್ತಿದ್ದಾರೆ. ಅಂದಿನ ತಾತ್ಕಾಲಿಕಕ್ಕೂ ಇಂದಿನ ತೊಂಬತ್ತಕ್ಕೂ ನಡುವೆ ಎಪ್ಪತ್ತೈದು ವರ್ಷಗಳ ಪ್ರಯೋಗವಿದೆ. ಪ್ರಯೋಗಕ್ಕೆ ಹಣ ಬೇಕು. ಈ ವರ್ಷ ಕೊಟ್ಟ ಹಣದ ಫಲ ಮುಂದಿನ ವರ್ಷ ಕಣ್ಣಿಗೆ ಬೀಳುವುದಿಲ್ಲ. ಹಲವು ಸಲ ಪ್ರಯೋಗ ಸೋತು ಹಣವೂ ಹೋಗುತ್ತದೆ. ಇಂಥ ಕೆಲಸಕ್ಕೆ ಹಣ ಕೇಳುವುದು ಹೇಗೆ?

ಜಿಮ್ಮಿಯ ಡಬ್ಬಿ

ಫಾರ್ಬರ್ ಅದನ್ನೂ ಯೋಚಿಸಿದರು. ಸಿನಿಮಾ, ನಾಟಕದ ವ್ಯವಹಾರದವರ ವೆರೈಟಿ ಕ್ಲಬ್ ಅವರ ಬೆಂಬಲಕ್ಕೆ ನಿಂತಿತು. 1948ರ ಮೇ 22ರಂದು ರಾಷ್ಟ್ರದಾದ್ಯಂತ ಕೇಳಿಬರುತ್ತಿದ್ದ ಒಂದು ರೇಡಿಯೋ ಕಾರ್ಯಕ್ರಮದಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಹನ್ನೆರಡು ವರ್ಷದ ಹುಡುಗನೊಬ್ಬನ ದನಿ ಕೇಳಿಸಿತು. ಹೊಟ್ಟೆಯಲ್ಲಿ ಕ್ಯಾನ್ಸರಿನ ಗಡ್ಡೆಯಿದ್ದ ಅವನ ನಿಜ ಹೆಸರನ್ನು ಮರೆಮಾಡಿ "ಜಿಮ್ಮಿ" ಎಂದು ಕರೆದರು. ಬೇಸ್‌ಬಾಲ್ ಎಂದರೆ ಅವನಿಗೆ ಪ್ರಾಣ. ಅವನು ಆರಾಧಿಸುತ್ತಿದ್ದ ಬಾಸ್ಟನ್ ಬ್ರೇವ್ಸ್ ತಂಡದ ಆಟಗಾರರು ಒಬ್ಬೊಬ್ಬರಾಗಿ ಕೋಣೆಯೊಳಗೆ ಬಂದು ಅವನನ್ನು ಮಾತನಾಡಿಸಿದರು. ಜಿಮ್ಮಿ ಹಾಸಿಗೆಯಲ್ಲಿಯೇ ಆಟ ನೋಡಲು ಒಂದು ಟೆಲಿವಿಷನ್ ಕೊಡಿಸೋಣ, ಆಸ್ಪತ್ರೆಯ ಸಂಶೋಧನೆಗೂ ನೆರವಾಗೋಣ ಎಂದು ನಿರೂಪಕರು ಕೇಳಿಕೊಂಡರು. ಬಂದ ಹಣ 2 ಲಕ್ಷ ಡಾಲರಿಗೂ ಮಿಕ್ಕಿತು. ಹೀಗೆ "ಜಿಮ್ಮಿ ನಿಧಿ" ಹುಟ್ಟಿತು. ಚಿತ್ರಮಂದಿರಗಳಲ್ಲಿ ಡಬ್ಬಿ ತಿರುಗಿಸಿ ಚಿಲ್ಲರೆ ಕೂಡಿಸಿದರು. 1953ರಲ್ಲಿ ಬ್ರೇವ್ಸ್ ತಂಡ ಊರು ಬಿಟ್ಟಾಗ ರೆಡ್ ಸಾಕ್ಸ್ ತಂಡ ಆ ಹೊಣೆಯನ್ನು ವಹಿಸಿಕೊಂಡಿತು.

ಆ ಜಿಮ್ಮಿ ಎಂದೋ ಸತ್ತಿರಬೇಕೆಂದೇ ಎಲ್ಲರೂ ತಿಳಿದಿದ್ದರು. ಐವತ್ತು ವರ್ಷಗಳ ಬಳಿಕ, 1998ರಲ್ಲಿ, ಐನಾರ್ ಗುಸ್ತಾಫ್‌ಸನ್ ಎಂಬ ಲಾರಿ ಚಾಲಕರೇ ಆ ಹುಡುಗನೆಂದು ಲೋಕಕ್ಕೆ ತಿಳಿಯಿತು. ಆತ 2001ರಲ್ಲಿ, ಅರವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಫಾರ್ಬರ್ 1973ರಲ್ಲಿಯೇ ಕಾಲವಾಗಿದ್ದರು; ಅವರು ಕಟ್ಟಿದ ಸಂಸ್ಥೆಗೆ ಮರುವರ್ಷ ಅವರ ಹೆಸರಿಟ್ಟರು. 1983ರಿಂದ ಅದು ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆ.

ಸೈಕಲ್ಲು ಬರುವುದು ಇಲ್ಲಿಯೇ.

ಮೂವತ್ತಾರು ಜನ

ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಿಲ್ಲಿ ಸ್ಟಾರ್ ಎಂಬ ತರುಣನಿದ್ದ. 1974ರಲ್ಲಿ ಅವನ ತಾಯಿ ಬೆಟ್ಟಿ ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡಳು. ಆಕೆಗೆ ಆಗ ನಲವತ್ತೊಂಬತ್ತು ವರ್ಷ. ಸ್ಟಾರ್ ಮೊದಲಿನಿಂದಲೂ ಮೈದಣಿಸುವ ಸಾಹಸಗಳನ್ನು ಇಷ್ಟಪಡುತ್ತಿದ್ದವನು. ತಾಯಿ ಹೋದ ದುಃಖ ಅವನನ್ನು ಬಿಡಲಿಲ್ಲ, ಸೈಕಲ್ಲಿನ ಹುಚ್ಚೂ ಬಿಡಲಿಲ್ಲ. ಎರಡನ್ನೂ ಕೂಡಿಸಿದರೆ ಹೇಗೆ ಎಂಬ ಯೋಚನೆ ಬಂದಿತು.

1980ರ ಸೆಪ್ಟೆಂಬರಿನಲ್ಲಿ ಅವನೂ ಅವನ ಸ್ನೇಹಿತರೂ ಕೂಡಿ 36 ಜನ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಿಂದ ಹೊರಟು, ಎರಡು ದಿನಗಳಲ್ಲಿ ಸುಮಾರು 220 ಮೈಲಿ ತುಳಿದು, ರಾಜ್ಯದ ಪೂರ್ವದ ತುದಿಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಪ್ರಾವಿನ್ಸ್‌ಟೌನ್ ತಲುಪಿದರು. ನಮ್ಮ ಲೆಕ್ಕದಲ್ಲಿ ಮುಂಬಯಿಯಿಂದ ಹೊರಟವನಿಗೆ ಕೊಲ್ಲಾಪುರ ಇನ್ನೇನು ಬಂದಿತೆನ್ನುವಷ್ಟು ದೂರ. ವ್ಯವಸ್ಥೆ ಹೇಳಿಕೊಳ್ಳುವಂಥದೇನೂ ಆಗಿರಲಿಲ್ಲ, ದಾರಿ ತಪ್ಪಿದವರೂ ಇದ್ದರು. ಆದರೆ ಹೊರಡುವ ಮುನ್ನ ಪ್ರತಿಯೊಬ್ಬರೂ ಬಂಧುಮಿತ್ರರ ಬಳಿ ದೇಣಿಗೆಯ ಮಾತು ಪಡೆದಿದ್ದರು. ಒಟ್ಟು 10,200 ಡಾಲರ್ ಕೂಡಿತು. ತಲೆಗೆ 283 ಡಾಲರಿನಂತೆ. ಈ ಹಣ ಫಾರ್ಬರ್ ಕಟ್ಟಿದ ಸಂಸ್ಥೆಗೆ, ಜಿಮ್ಮಿ ನಿಧಿಯ ಮೂಲಕ ಸಂದಿತು. ರಾಜ್ಯವನ್ನು ಅಡ್ಡಹಾಯುವ ಸವಾರಿಯಾದ್ದರಿಂದ "ಪ್ಯಾನ್-ಮ್ಯಾಸ್ ಚಾಲೆಂಜ್" ಎಂದು ಹೆಸರಿಟ್ಟರು.

ಮರುವರ್ಷ ಮತ್ತೆ ಹೊರಟರು. ಅದರ ಮರುವರ್ಷವೂ ಹೊರಟರು. ಅಂದಿನಿಂದ ಅದು ಪ್ರತಿವರ್ಷದ ಪದ್ಧತಿಯಾಯಿತು. ಈಗ ಆಗಸ್ಟ್ ತಿಂಗಳ ಮೊದಲ ಶನಿವಾರ, ರವಿವಾರಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಸವಾರರು ಹೊರಡುತ್ತಾರೆ. 2020ರಲ್ಲಿ ಕೊರೊನಾದ ಕಾರಣ ಒಟ್ಟಾಗಿ ಸವಾರಿ ಮಾಡುವಂತಿರಲಿಲ್ಲ. ಆಗ ತಮ್ಮತಮ್ಮ ಊರಿನಲ್ಲಿ, ತಮಗೆ ತೋಚಿದ ರೀತಿಯಲ್ಲಿ ತುಳಿದು ಸುಮಾರು 5 ಕೋಟಿ ಡಾಲರ್ ಕೂಡಿಸಿದರು. 2024ರ ಒಂದೇ ವರ್ಷದಲ್ಲಿ ಸಂಸ್ಥೆಗೆ ಒಪ್ಪಿಸಿದ ಹಣ ಏಳೂವರೆ ಕೋಟಿ ಡಾಲರ್. ಅದರೊಂದಿಗೆ ಆರಂಭದಿಂದ ಕೂಡಿಬಂದ ಮೊತ್ತ ನೂರು ಕೋಟಿ ಡಾಲರನ್ನು ದಾಟಿತು. ಜಿಮ್ಮಿ ನಿಧಿಯ ವಾರ್ಷಿಕ ಆದಾಯದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಈ ಸವಾರರದೇ.

ಬೆವರೇಕೆ?

ಹಣ ಕೊಡಬೇಕೆಂದಿದ್ದರೆ ಚೆಕ್ಕು ಬರೆದು ಕೊಡಬಹುದಲ್ಲ, ಸೈಕಲ್ಲೇಕೆ ತುಳಿಯಬೇಕು? ಈ ಪ್ರಶ್ನೆ ನನ್ನದೂ ಆಗಿತ್ತು. ಇದರ ನಿಯಮಗಳನ್ನು ಓದಿದ ಮೇಲೆ, ರಸೀತಿ ಪುಸ್ತಕದ ಅನುಭವವಿರುವವನಾದ್ದರಿಂದ ನನಗೆ ಉತ್ತರ ಹೊಳೆಯಿತು.

ಇದು ಪಂದ್ಯವಲ್ಲ. ಮೊದಲು ಬಂದವರಿಗೆ ಬಹುಮಾನವಿಲ್ಲ, ಕೊನೆಗೆ ಬಂದವರಿಗೆ ಅವಮಾನವಿಲ್ಲ. ಆದರೆ ಹೆಸರು ಕೊಟ್ಟ ಸವಾರನು ಇಷ್ಟು ಹಣ ಕೂಡಿಸಿಯೇ ತೀರುತ್ತೇನೆಂದು ಮೊದಲೇ ಒಪ್ಪಿ ಸಹಿ ಹಾಕಬೇಕು. ಕಡಿಮೆ ಬಿದ್ದರೆ ಉಳಿದುದನ್ನು ತನ್ನ ಕಿಸೆಯಿಂದ ತುಂಬಬೇಕು. ಹೀಗಾಗಿ ಅವನು ತಿಂಗಳುಗಟ್ಟಲೆ ತನ್ನ ಪರಿಚಯದವರನ್ನೆಲ್ಲ ಕೇಳಬೇಕಾಗುತ್ತದೆ. ಕೇಳುವಾಗ ಅವನ ಕೈಯಲ್ಲಿ ಒಂದು ಅರ್ಹತೆಯಿರುತ್ತದೆ: "ನಾನು ಮುನ್ನೂರು ಕಿಲೋಮೀಟರ್ ತುಳಿಯುತ್ತೇನೆ, ನೀವು ನಿಮ್ಮ ಶಕ್ತ್ಯಾನುಸಾರ ಕೊಡಿ." ಬರಿಗೈಯಲ್ಲಿ ಬೇಡುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಕೊಡುವವನಿಗೂ ಸಂಕೋಚವಿಲ್ಲ, ಕೇಳುವವನಿಗೂ ಇಲ್ಲ. ನಮ್ಮ ಹಿರಿಯರು ಪಂಢರಪುರಕ್ಕೆ ನಡೆದುಹೋಗುವಾಗ ದಾರಿಯ ಊರಿನವರು ಊಟ ಹಾಕುತ್ತಿದ್ದರಲ್ಲ, ಅದರ ಹಿಂದಿನ ಭಾವನೆಯೂ ಇಂಥದೇ ಅಲ್ಲವೆ? ನಡೆಯುವವನು ತನ್ನೊಬ್ಬನಿಗಾಗಿ ನಡೆಯುತ್ತಿಲ್ಲವೆಂಬ ನಂಬಿಕೆ.

ಇನ್ನೊಂದು ಮುಖ್ಯ ಸಂಗತಿ ಲೆಕ್ಕದ್ದು. ನೀರು, ಊಟ, ವಸತಿ, ಕಚೇರಿಯ ಖರ್ಚುಗಳಿಗೆ ಸವಾರರ ಪ್ರವೇಶ ಶುಲ್ಕ ಮತ್ತು ಪ್ರಾಯೋಜಕ ಕಂಪನಿಗಳ ನೆರವನ್ನು ಬಳಸಿ, ಸವಾರರು ಕೂಡಿಸಿದ ಹಣವನ್ನು 2007ರಿಂದ ನೂರಕ್ಕೆ ನೂರರಷ್ಟು ಸಂಸ್ಥೆಗೆ ಒಪ್ಪಿಸುತ್ತ ಬಂದಿದ್ದಾರೆ. ಪೆಂಡಾಲಿಗೆಷ್ಟು, ಧ್ವನಿವರ್ಧಕಕ್ಕೆಷ್ಟು ಎಂದು ಮಹಾಸಭೆಯಲ್ಲಿ ಎದ್ದುನಿಂತು ಕೇಳುವ ನಮ್ಮ ಸದಸ್ಯರಿಗೆ ಈ ಮಾತಿನ ಬೆಲೆ ತಿಳಿಯುತ್ತದೆ.

ದಾರಿಯುದ್ದಕ್ಕೂ ನೀರು ಕೊಡಲು ಸಾವಿರಾರು ಸ್ವಯಂಸೇವಕರು ನಿಂತಿರುತ್ತಾರೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳನ್ನು ಒಂದೊಂದು ತಂಡ ತನ್ನ ಜೊತೆಗಾರನೆಂದು ವಹಿಸಿಕೊಂಡು, ಆ ಮಗುವಿನ ಹೆಸರಿನಲ್ಲಿ ತುಳಿಯುತ್ತದೆ. ಆ ಮಕ್ಕಳ ಭಾವಚಿತ್ರಗಳನ್ನು ದಾರಿಯಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ಸ್ವತಃ ಕ್ಯಾನ್ಸರಿನಿಂದ ಗುಣವಾದ ನೂರಾರು ಜನ ಸವಾರರಲ್ಲಿಯೇ ಇರುತ್ತಾರೆ. ಅವರನ್ನು "ಜೀವಂತ ಪುರಾವೆ" ಎಂದು ಕರೆಯುವ ರೂಢಿ. ಸಂಶೋಧನೆಯ ಫಲ ಕಣ್ಣಿಗೆ ಬೀಳದೆಂದು ಮೊದಲು ಹೇಳಿದೆನಷ್ಟೆ. ಇಲ್ಲಿ ಅದು ಪಕ್ಕದ ಸೈಕಲ್ಲಿನ ಮೇಲೆ ಕುಳಿತಿರುತ್ತದೆ.

ಒಬ್ಬ ವೀರನೋ, ಹಲವು ಸಾಮಾನ್ಯರೋ?

ಸ್ಟಾರ್ ಮತ್ತು ಸ್ನೇಹಿತರು ಹೊರಟ 1980ರಲ್ಲಿಯೇ ನೆರೆಯ ಕೆನಡಾದಲ್ಲಿ ಟೆರಿ ಫಾಕ್ಸ್ ಎಂಬ ಯುವಕ, ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡವನು, ಕೃತಕ ಕಾಲು ಕಟ್ಟಿಕೊಂಡು ದೇಶದ ಪೂರ್ವದ ತೀರದಿಂದ ಓಡಲಾರಂಭಿಸಿದ್ದ. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ ಮೇಲೆ ರೋಗ ಶ್ವಾಸಕೋಶಕ್ಕೆ ಹಬ್ಬಿ ನಿಲ್ಲಬೇಕಾಯಿತು. 1981ರ ಜೂನಿನಲ್ಲಿ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಹೆಸರಿನ ಓಟಗಳು ಇಂದಿಗೂ ನಡೆಯುತ್ತವೆ.

ಸೈಕಲ್ಲಿನ ಲೋಕದಲ್ಲಿ ಇದಕ್ಕಿಂತ ಹೆಚ್ಚು ಸದ್ದು ಮಾಡಿದ ಹೆಸರು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. 1996ರಲ್ಲಿ ಕ್ಯಾನ್ಸರ್ ತಗುಲಿ, ಗುಣವಾಗಿ, 1997ರಲ್ಲಿ ಕ್ಯಾನ್ಸರ್ ರೋಗಿಗಳಿಗಾಗಿ ಪ್ರತಿಷ್ಠಾನ ಕಟ್ಟಿ, 1999ರಿಂದ 2005ರವರೆಗೆ ಏಳು ಸಲ ಟೂರ್ ಡಿ ಫ್ರಾನ್ಸ್ ಗೆದ್ದವನು. ಅವನ ಪ್ರತಿಷ್ಠಾನದ ಹಳದಿ ಕೈಬಳೆ ನಮ್ಮ ಮುಂಬಯಿಯ ಕಾಲೇಜು ಹುಡುಗರ ಕೈಯಲ್ಲಿಯೂ ಇತ್ತು. ಉತ್ತೇಜಕ ಮದ್ದು ಸೇವಿಸಿ ಗೆದ್ದನೆಂದು 2012ರಲ್ಲಿ ಏಳೂ ಪ್ರಶಸ್ತಿಗಳನ್ನು ಕಸಿದುಕೊಂಡರು. ಪ್ರತಿಷ್ಠಾನ ಅವನ ಹೆಸರನ್ನು ಕೈಬಿಡಬೇಕಾಯಿತು. ಆ ಪ್ರತಿಷ್ಠಾನ ರೋಗಿಗಳಿಗೆ ಮಾಡಿದ ಉಪಕಾರ ಸುಳ್ಳಲ್ಲ. ಆದರೆ ಒಬ್ಬ ವೀರನ ಹೆಗಲ ಮೇಲೆ ಕಟ್ಟಿದ ನಿಧಿ ಆ ವೀರನು ಬಿದ್ದಾಗ ತಾನೂ ಅಲುಗಾಡುತ್ತದೆ. ಪ್ಯಾನ್-ಮ್ಯಾಸ್ ಸವಾರರಲ್ಲಿ ಗುಮಾಸ್ತರು, ಶಿಕ್ಷಕರು, ದಾದಿಯರು, ವೈದ್ಯರು, ಅಜ್ಜಂದಿರು ಎಲ್ಲರೂ ಇರುತ್ತಾರೆ. ಒಬ್ಬರು ನಿಂತರೆ ಇನ್ನೊಬ್ಬರು ತುಳಿಯುತ್ತಾರೆ. ಅದಕ್ಕೇ ಅದು ನಾಲ್ಕು ದಶಕ ದಾಟಿ ನಡೆದಿದೆ.

ನಮ್ಮ ಪರೇಲ, ನಮ್ಮ ಬೆಂಗಳೂರು

ಇಷ್ಟೆಲ್ಲ ಓದಿ ಅಮೆರಿಕದವರನ್ನೇ ಹೊಗಳಿದಂತಾಯಿತೆಂದು ಯಾರೂ ತಿಳಿಯಬಾರದು. ಲೂಸಿ ವಿಲ್ಸ್ ಕೆಲಸ ಮಾಡಿದ ಪರೇಲದಲ್ಲಿಯೇ ಇರುವ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಮೂಲವೂ ಇದೇ ರಕ್ತದ ಕ್ಯಾನ್ಸರು. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಲೇಡಿ ಮೆಹರ್‌ಬಾಯಿ 1931ರಲ್ಲಿ ಈ ರೋಗದಿಂದ ತೀರಿಕೊಂಡರು. ಆಕೆ ನಮಗೆ ಪರಕೀಯರಲ್ಲ. ತಂದೆ ಎಚ್. ಜೆ. ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ದೊಡ್ಡ ಅಧಿಕಾರಿ. ಮಗಳು ಬೆಳೆದು ಓದಿದ್ದು ಬೆಂಗಳೂರಿನಲ್ಲಿ. ಆಕೆಯ ನೆನಪಿಗೆ ದೊರಾಬ್ಜಿಯವರು 1932ರಲ್ಲಿ ರಕ್ತ ಕ್ಯಾನ್ಸರಿನ ಸಂಶೋಧನೆಗಾಗಿ ಒಂದು ನಿಧಿ ಸ್ಥಾಪಿಸಿ, ಅದೇ ವರ್ಷ ತಾವೂ ತೀರಿಕೊಂಡರು. ಆ ನಿಧಿ ಇಂದಿಗೂ ದೇಶವಿದೇಶದ ಸಂಶೋಧಕರಿಗೆ ನೆರವಾಗುತ್ತಿದೆ. ಕೊಹಿನೂರಿಗಿಂತ ದೊಡ್ಡದಾದ ಆಕೆಯ ಜ್ಯುಬಿಲಿ ವಜ್ರವನ್ನು ಮಾರಿದ ಹಣವೂ ದೊರಾಬ್ಜಿ ಟಾಟಾ ಟ್ರಸ್ಟಿಗೆ ಸೇರಿತು. ಆ ಟ್ರಸ್ಟ್ ಕಟ್ಟಿಸಿದ ಆಸ್ಪತ್ರೆ 1941ರ ಫೆಬ್ರವರಿ 28ರಂದು ತೆರೆಯಿತು. 1962ರಲ್ಲಿ ಅದು ಅಣುಶಕ್ತಿ ಇಲಾಖೆಗೆ ಸೇರಿದಾಗ ಇಲಾಖೆಯ ಮುಖ್ಯಸ್ಥರಾಗಿದ್ದವರು ಮೆಹರ್‌ಬಾಯಿಯ ಸೋದರಳಿಯ ಹೋಮಿ ಭಾಭಾ.

ತಾಯಿಗಾಗಿ ಒಬ್ಬ ಸೈಕಲ್ ತುಳಿದ, ಹೆಂಡತಿಗಾಗಿ ಒಬ್ಬರು ನಿಧಿ ಕಟ್ಟಿದರು. ಎರಡರ ಹಿಂದಿನ ದುಃಖ ಒಂದೇ ಜಾತಿಯದು. ವಜ್ರ ಎಲ್ಲರ ಮನೆಯಲ್ಲಿರುವುದಿಲ್ಲ, ಸೈಕಲ್ ಇರಬಹುದು; ಹೆಚ್ಚೆಂದರೆ ಇಷ್ಟೇ ವ್ಯತ್ಯಾಸ. ನಮ್ಮ ದೇಶದಲ್ಲಿ ಇಂದು ಇಂಥ ಆಸ್ಪತ್ರೆಗಳ ಬಹುಪಾಲು ಭಾರವನ್ನು ಸರಕಾರದ ಬೊಕ್ಕಸ ಹೊರುತ್ತದೆ. ನಾವು ರೋಗಿಗೆಂದು ಕೇಳಿದರೆ ಕೊಡುತ್ತೇವೆ. ಕಣ್ಣೆದುರಿಗಿನ ನೋವಿಗೆ ಕರಗದವರಿಲ್ಲ. ಸಂಶೋಧನೆಗೆಂದು ಕೇಳಿದರೆ "ಅದಕ್ಕೆ ಸರಕಾರವಿದೆಯಲ್ಲ" ಎನ್ನುತ್ತೇವೆ. ಕಳೆದ ವರ್ಷ ಸಂಘದ ಸಮಿತಿಯಲ್ಲಿ ನಾನು ಈ ವಿಷಯ ಎತ್ತಿದಾಗ ಬಂದ ಉತ್ತರವೂ ಅದೇ. ಅಂದು ನನಗೆ ಮರುಮಾತು ತೋಚಲಿಲ್ಲ. ಈಗ ತೋಚಿದೆ. ಗಿರಣಿಯ ಹೆಂಗಸರ ರಕ್ತವನ್ನು ಪರೀಕ್ಷಿಸಿದ ದಿನ ಅದು ಒಂದು ಮಗುವಿನ ಕ್ಯಾನ್ಸರಿಗೆ ಮದ್ದಾದೀತೆಂದು ಯಾರಿಗೂ ಗೊತ್ತಿರಲಿಲ್ಲ. ನಮಗೆ ಇಂದು ಸಿಕ್ಕಿರುವ ಗುಳಿಗೆ, ನಮ್ಮ ಮುಖವನ್ನೇ ಕಾಣದ ಯಾರೋ ಅಂದು ಕೊಟ್ಟ ಕಾಸಿನದು. ಆ ಸಾಲವನ್ನು ಹಿಂದಕ್ಕೆ ತೀರಿಸಲು ಬರುವುದಿಲ್ಲ. ಮುಂದಿನವರಿಗೆ ಕೊಟ್ಟು ತೀರಿಸಬೇಕು.

ಹುಡುಗನ ಔಷಧಿ ಮುಗಿದು ವರ್ಷವಾಗುತ್ತ ಬಂತು. ತಪಾಸಣೆಗೆ ಬರುವುದು ಇನ್ನೂ ಇದೆ, ಪ್ರತಿ ಸಲವೂ ರಿಪೋರ್ಟು ಕೈಗೆ ಬರುವವರೆಗೆ ತಂಗಿ ಊಟ ಮಾಡುವುದಿಲ್ಲ. ಅವನು ಕೇಳಿದ ಪ್ರಶ್ನೆಗೆ ಇಷ್ಟು ದೊಡ್ಡ ಉತ್ತರ ಬರೆದಿದ್ದೇನೆ, ಓದುತ್ತಾನೋ ಇಲ್ಲವೋ.

ಇನ್ನು ಸಂಘದ ವಿಷಯ. ನಾವು ಡೊಂಬಿವಲಿಯಿಂದ ಕೊಲ್ಲಾಪುರಕ್ಕೆ ಸೈಕಲ್ ತುಳಿಯಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಮೊಣಕಾಲೇ ಒಪ್ಪಲಾರದು. ಡೊಂಬಿವಲಿಯಿಂದ ಕಲ್ಯಾಣಕ್ಕೆ ಒಂದು ರವಿವಾರ ಬೆಳಿಗ್ಗೆ ನಡೆದೇ ಹೋಗಬಹುದು. ಬಾಸ್ಟನ್ನಿನ ಆ ಸವಾರಿ ಮೊದಲ ದಿನ ಹೊರಟಾಗ ಇದ್ದವರು 36 ಜನ. ನಮ್ಮ ಸಂಘದ ಮಹಾಸಭೆಗೆ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ, ಉಪಾಹಾರವಿದ್ದರಂತೂ ಖಂಡಿತ.

ಮುಂದಿನ ಸಲ ರಸೀತಿ ಪುಸ್ತಕ ಹಿಡಿದು ಬಂದಾಗ ಬಾಗಿಲು ತೆರೆಯಿರಿ.